ಎರಡಾಗಿ ಕಂಡ ಸೂಜಿ: ಮೆದುಳಿನ ಪೊರೆ ದಪ್ಪಗಾದಾಗ ನಾನು ಪಟ್ಟ ಪಾಡು

ಹೋದ ವಾರ ನನ್ನ ಮೂರನೇ ಎಂಆರ್‌ಐ ರಿಪೋರ್ಟ್ ಬಂತು. ಪೊರೆಯ ದಪ್ಪ ಬಹಳ ಕಡಿಮೆಯಾಗಿದೆ ಅಂತ ಬರೆದಿದ್ದಾರೆ. ಇನ್ನಾದರೂ ಇದನ್ನೆಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ಪ್ಯಾಕಿಮೆನಿಂಜೈಟಿಸ್ (ಮೆದುಳಿನ ಹೊರಪೊರೆ ಉರಿಯೂತದಿಂದ ದಪ್ಪಗಾಗೋದು) ಅನ್ನುವ ನನ್ನ ಕಾಯಿಲೆಯ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ, ಅದರ ಬಗ್ಗೆ ಕನ್ನಡದಲ್ಲಿ ಒಂದು ಸಾಲು ಹೇಳುವವರೂ ನಮಗೆ ಸಿಕ್ಕಿರಲಿಲ್ಲ. ನಾನು ಡಾಕ್ಟರಲ್ಲ. ರಾಣೆಬೆನ್ನೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುವವಳು. ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಶುರುವಾಗಿದ್ದು 2023ರ ಡಿಸೆಂಬರ್‌ನಲ್ಲಿ, ತಲೆನೋವಿನಿಂದ. ಎಡಗಣ್ಣಿನ ಹಿಂದೆ ಮತ್ತು ಹಿಂದಲೆಯಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿಬಿಡುತ್ತಿತ್ತು, ಅಷ್ಟು ನೋವು. ಎದ್ದು ಓಡಾಡಿದ ಮೇಲೆ ಸ್ವಲ್ಪ ಇಳಿಯುತ್ತಿತ್ತು. ಮಿಷಿನ್ ಮುಂದೆ ಬಗ್ಗಿ ಕೂತು ಕೂತು ಹೀಗಾಗಿದೆ ಅಂದುಕೊಂಡೆ. ಅಂಗಡಿಯಿಂದ ಗುಳಿಗೆ ತಂದು ನುಂಗಿದೆ. ಮೊದಲು ವಾರಕ್ಕೊಂದು, ಯುಗಾದಿ ಹೊತ್ತಿಗೆ ದಿನಕ್ಕೆರಡು. ಒಬ್ಬ ಡಾಕ್ಟರು ಸೈನಸ್ ಅಂದರು. ಇನ್ನೊಬ್ಬರು ಮೈಗ್ರೇನ್ ಅಂದರು. ಕನ್ನಡಕದ ನಂಬರ್ ಬದಲಾಗಿದೆ ಅಂತ 1,800 ರೂಪಾಯಿ ಕೊಟ್ಟು ಹೊಸ ಕನ್ನಡಕವನ್ನೂ ಹಾಕಿಸಿಕೊಂಡೆ.

ಏಪ್ರಿಲ್ ಕೊನೆಗೆ ನಮ್ಮ ಕಡೆಯ ಒಬ್ಬ ಡಾಕ್ಟರು ಸಣ್ಣ ಕಾಗದದ ಪೊಟ್ಟಣದಲ್ಲಿ ಐದು ದಿನದ ಗುಳಿಗೆ ಕಟ್ಟಿಕೊಟ್ಟರು. ಎರಡೇ ದಿನಕ್ಕೆ ತಲೆನೋವು ಮಾಯ! ದೇವರೇ ಬಂದ ಹಾಗಾಯಿತು. ಗುಳಿಗೆ ಮುಗಿದು ವಾರ ಕಳೆಯೋದರಲ್ಲಿ ನೋವು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ಅದು ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧಿ) ಇದ್ದಿರಬೇಕು ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಮುಂದೆ ಸಿಕ್ಕ ಪ್ರತಿ ಡಾಕ್ಟರೂ "ಅದು ಯಾವ ಗುಳಿಗೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ದಯವಿಟ್ಟು ಹೆಸರಿಲ್ಲದ ಪೊಟ್ಟಣದ ಗುಳಿಗೆ ತಗೋಬೇಡಿ. ತಗೊಂಡರೂ ಚೀಟಿಯಲ್ಲಿ ಹೆಸರು ಬರೆಸಿಕೊಳ್ಳಿ.

ಮೇ ತಿಂಗಳು, ಮದುವೆ ಸೀಸನ್. ಮೂವತ್ತು ರವಿಕೆ ಬಾಕಿ ಇದ್ದವು. ಒಂದು ಸಂಜೆ ಕೊಕ್ಕೆ ಹಚ್ಚಲು ಸೂಜಿಗೆ ದಾರ ಪೋಣಿಸುತ್ತಿದ್ದೆ. ಸೂಜಿ ಎರಡು ಕಂಡವು, ಅಕ್ಕಪಕ್ಕ. ಒಂದರ ಕಣ್ಣಿಗೆ ದಾರ ಹಾಕಿದರೆ ಅದು ಗಾಳಿಯಲ್ಲೇ ಹೋಯಿತು. ಕಣ್ಣುಜ್ಜಿಕೊಂಡು ನೋಡಿದೆ. ಗೋಡೆ ಮೇಲಿನ ಕ್ಯಾಲೆಂಡರೂ ಎರಡು, ಬಾಗಿಲಲ್ಲಿ ನಿಂತ ಮಗಳೂ ಇಬ್ಬರು. ಎಡಗಣ್ಣು ಮುಚ್ಚಿದರೆ ಎಲ್ಲ ಒಂದೇ. ಬಲಗಣ್ಣು ಮುಚ್ಚಿದರೂ ಒಂದೇ. ಎರಡೂ ತೆರೆದರೆ ಮಾತ್ರ ಎರಡು. ಮಗಳು ಹತ್ತಿರ ಬಂದು ನೋಡಿ, "ಅವ್ವಾ, ನಿನ್ನ ಎಡಗಣ್ಣು ಒಳಗ ವಾಲೇತಿ" ಅಂದಳು. ಆಗ ನಿಜಕ್ಕೂ ಹೆದರಿದೆ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ಕಣ್ಣು ಚೆನ್ನಾಗಿದೆ ಅಮ್ಮ. ಅದನ್ನು ಹೊರಗಡೆ ತಿರುಗಿಸುವ ನರ ಸೋತಿದೆ. ನರದ ಡಾಕ್ಟರನ್ನು ನೋಡಿ, ತಡ ಮಾಡಬೇಡಿ." ಒಂದು ಕಣ್ಣು ಮುಚ್ಚಿದಾಗ ಎರಡು ಕಾಣೋದು ಹೋದರೆ ಅದು ಹೆಚ್ಚಾಗಿ ಕನ್ನಡಕದ ವಿಷಯವಲ್ಲ, ನರದ್ದೋ ಸ್ನಾಯುವಿನದ್ದೋ ಇರುತ್ತದೆ ಅಂತ ಅವರೇ ಹೇಳಿದ್ದು. ಇದನ್ನು ಎಲ್ಲರೂ ತಿಳಿದಿರಬೇಕು.

ಸಿಟಿ ಸ್ಕ್ಯಾನ್ ಮಾಡಿಸಿದೆವು. ನಾರ್ಮಲ್. ಎಂಆರ್‌ಐ ಮಾಡಿಸಿದೆವು. ಅದೂ "ವಿಶೇಷವೇನಿಲ್ಲ". ಮನೆಯವರಿಗೆಲ್ಲ ಖುಷಿ, ನನಗೆ ಮಾತ್ರ ಅಳು. ಇಷ್ಟು ನೋವಿದ್ದೂ ಏನೂ ಇಲ್ಲ ಅಂದರೆ ನನ್ನ ಮಾತನ್ನು ಇನ್ನು ಯಾರು ನಂಬುತ್ತಾರೆ ಅನ್ನಿಸಿತು. ದಾವಣಗೆರೆಯ ನರರೋಗ ವೈದ್ಯರು ರಿಪೋರ್ಟ್ ಪಕ್ಕಕ್ಕಿಟ್ಟು ಫಿಲ್ಮನ್ನೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಔಷಧಿ ಹಾಕದೆ ತೆಗೆದಿದ್ದು. ಕಾಂಟ್ರಾಸ್ಟ್ ಹಾಕಿ ಮತ್ತೆ ತೆಗೆಸಬೇಕು" ಅಂದರು. ಮೊದಲನೆಯದಕ್ಕೆ 5,500 ಕೊಟ್ಟಿದ್ದೆವು, ಈಗ ಮತ್ತೆ 8,000. ನಮ್ಮ ಯಜಮಾನರು ಹಮಾಲಿ ಕೆಲಸದವರು. ಒಂದು ಮಾತೂ ಆಡದೆ ಹೋಗಿ ದುಡ್ಡು ಹೊಂದಿಸಿಕೊಂಡು ಬಂದರು.

ಈ ಕಾಯಿಲೆಯಲ್ಲಿ ಇದೇ ಮುಖ್ಯ. ಪೊರೆ ದಪ್ಪಗಾಗಿರೋದು ಸಾದಾ ಎಂಆರ್‌ಐನಲ್ಲಿ ಕಣ್ತಪ್ಪಿ ಹೋಗಬಹುದು. ಗ್ಯಾಡೋಲಿನಿಯಂ ಅನ್ನುವ ಔಷಧಿಯನ್ನು ಕೈಯ ರಕ್ತನಾಳಕ್ಕೆ ಕೊಟ್ಟು ತೆಗೆದರೆ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಬಿಡದ ತಲೆನೋವಿನ ಜೊತೆ ಎರಡು ಕಾಣೋದು, ಕಿವಿ ಮಂದವಾಗೋದು, ಮುಖ ಸೊಟ್ಟಗಾಗೋದು ಇಂಥದ್ದು ಸೇರಿದರೆ "ಕಾಂಟ್ರಾಸ್ಟ್ ಬೇಕಾ ಸರ್?" ಅಂತ ಮೊದಲೇ ಕೇಳಿ. ಕಿಡ್ನಿ ಸರಿ ಇದೆಯಾ ಅಂತ ನೋಡಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ. ಹಿಂದಿನ ದಿನವೇ ಮಾಡಿಸಿಕೊಂಡು ಹೋದರೆ ಅರ್ಧ ದಿನ ಉಳಿಯುತ್ತದೆ.

ಮೊದಲ ಎಂಆರ್‌ಐಗೆ ಹೋದಾಗ ಸ್ಕ್ಯಾನ್ ಸೆಂಟರಿನಲ್ಲಿ ಇನ್ನೊಂದು ತೊಡಕಾಗಿತ್ತು. ಮೈಮೇಲೆ ಲೋಹ ಇರಬಾರದು. ಬಳೆ, ಕಾಲುಂಗುರ, ಓಲೆ ಬಿಚ್ಚಿದೆ. ತಾಳಿ ಬಿಚ್ಚುವಾಗ ಕೈ ನಡುಗಿತು. ಅತ್ತೆ ಅರಿಷಿಣದ ಕೊಂಬು ಕಟ್ಟಿದ ದಾರ ಕೊಟ್ಟು ಕಳಿಸಿದ್ದರು, ಅದನ್ನು ಹಾಕಿಕೊಂಡೆ. ಆದರೆ ಮೂಗುತಿ ಬರಲಿಲ್ಲ. ಮದುವೆಯಾದಾಗ ಹಾಕಿದ್ದು, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತೆಗೆದಿಲ್ಲ. ತಿರುಪು ಮಾಂಸಕ್ಕೆ ಕಚ್ಚಿಕೊಂಡು ಕೂತಿತ್ತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಬರಲಿಲ್ಲ. "ಇದ್ದರೆ ಒಳಗೆ ಬಿಡಲ್ಲ" ಅಂದರು. ನನ್ನ ಸರದಿ ಬೇರೆಯವರಿಗೆ ಹೋಯಿತು. ದಾವಣಗೆರೆ ಬಿಸಿಲಲ್ಲಿ, ಒಂದು ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು ಅಕ್ಕಸಾಲಿಗರ ಅಂಗಡಿ ಹುಡುಕಿದೆವು. ಆ ಹಿರಿಯರು ಸಣ್ಣ ಚಿಮಟದಿಂದ ತಿರುಪು ಹಿಡಿದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತಾ ಬಿಚ್ಚಿದರು. ಒಂದು ಹನಿ ರಕ್ತ ಬಂತು. ದುಡ್ಡು ಕೊಡಲು ಹೋದರೆ, "ಆರಾಮಾಗಿ ಬರ್ರಿ, ವಾಪಸ್ ನಾನೇ ಹಾಕಿ ಕೊಡ್ತೀನಿ" ಅಂದರು. ಎಂಆರ್‌ಐಗೆ ದಿನ ಗೊತ್ತಾದ ಕೂಡಲೇ ಮೂಗುತಿ ಮನೆಯಲ್ಲೇ ಬಿಚ್ಚಿ ನೋಡಿಕೊಳ್ಳಿ ಅಂತ ಎಲ್ಲ ಹೆಂಗಸರಿಗೂ ಹೇಳುತ್ತೇನೆ.

ಕಾಂಟ್ರಾಸ್ಟ್ ಹಾಕಿ ತೆಗೆದ ಎಂಆರ್‌ಐ ರಿಪೋರ್ಟಿನಲ್ಲಿ "ಡಿಫ್ಯೂಸ್ ಪ್ಯಾಕಿಮೆನಿಂಜಿಯಲ್ ಥಿಕನಿಂಗ್" ಅಂತ ಇತ್ತು, ಅಂದರೆ ಹೊರಪೊರೆ ಎಲ್ಲ ಕಡೆ ದಪ್ಪಗಾಗಿದೆ ಅಂತ. ಡಾಕ್ಟರು ಫಿಲ್ಮ್ ತೋರಿಸಿದರು. ಮೆದುಳಿನ ಸುತ್ತ, ನಡುಮಧ್ಯದ ಮಡಿಕೆಯಲ್ಲೂ, ಸೀರೆಗೆ ಜರಿ ಅಂಚು ಹಚ್ಚಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೆದುಳು ಮತ್ತು ಬೆನ್ನುಹುರಿಗೆ ಮೂರು ಪೊರೆ. ಎಲ್ಲಕ್ಕಿಂತ ಹೊರಗಿನದು, ಗಟ್ಟಿಯಾದದ್ದು ಡ್ಯೂರಾ. ಅದಕ್ಕೆ ಉರಿಯೂತ ಬಂದು ದಪ್ಪಗಾಗಿದೆ. ಕಣ್ಣಿಗೆ, ಕಿವಿಗೆ, ಮುಖಕ್ಕೆ ಹೋಗುವ ನರಗಳು ಆ ಪೊರೆಯನ್ನು ದಾಟಿಯೇ ಹೋಗಬೇಕು. ಪೊರೆ ದಪ್ಪಗಾದರೆ ನರ ಹಿಚುಕಿಕೊಳ್ಳುತ್ತದೆ. ನನಗೆ ಇದು ಚೆನ್ನಾಗಿ ಅರ್ಥವಾಯಿತು. ಲೈನಿಂಗ್ ಬಟ್ಟೆ ತೆಳ್ಳಗಿದ್ದರೆ ಲಾಡಿ ಸಲೀಸಾಗಿ ಹೋಗುತ್ತದೆ, ಅಲ್ಲಿ ಕ್ಯಾನ್ವಾಸ್ ಇಟ್ಟು ಹೊಲಿದರೆ ಲಾಡಿ ಸಿಕ್ಕಿಕೊಳ್ಳುತ್ತದೆ ಅಲ್ವಾ, ಹಾಗೆ.

ಮಗಳು ಪಿಯುಸಿ ಓದುತ್ತಾಳೆ. ರಾತ್ರಿಯಿಡೀ ಫೋನಿನಲ್ಲಿ ಹುಡುಕಿದಳು. ಟಿಬಿ, ಫಂಗಸ್, ಸಿಫಿಲಿಸ್, ಸಾರ್ಕಾಯ್ಡ್, ರಕ್ತನಾಳದ ಉರಿಯೂತ, ಕ್ಯಾನ್ಸರ್, ಕಾರಣ ಯಾವುದಾದರೂ ಇರಬಹುದು ಅಂತ ಓದಿ ಮೂಲೆಯಲ್ಲಿ ಕೂತು ಅತ್ತಳು. ಇಂಥದ್ದನ್ನು 1869ರಲ್ಲೇ ಫ್ರಾನ್ಸಿನ ಶಾರ್ಕೋ ಮತ್ತು ಜೋಫ್ರಾಯ್ ಅನ್ನುವ ವೈದ್ಯರು ಕುತ್ತಿಗೆಯ ಬೆನ್ನುಹುರಿಯಲ್ಲಿ ಕಂಡು ಬರೆದಿದ್ದರಂತೆ. ಅದನ್ನು ಅವಳು ಓದಿ ಹೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ನನಗೊಬ್ಬಳಿಗೇ ಬಂದ ಹೊಸ ಪೀಡೆಯಲ್ಲ, ಹಳೆಯದು, ಹೆಸರಿರುವುದು.

ಓಣಿಯಲ್ಲಿ ಅದು "ಮೆದುಳು ಜ್ವರ" ಅಂತ ಸುದ್ದಿಯಾಯಿತು. ಪಕ್ಕದ ಮನೆಯವರು ಮಕ್ಕಳನ್ನು ಕಳಿಸೋದು ನಿಲ್ಲಿಸಿದರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಇಬ್ಬರು ವಾಪಸ್ ಒಯ್ದರು. ನನಗಾದದ್ದು ಸೋಂಕಿನಿಂದಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಬರೋದಲ್ಲ. ಆಗ ಅದನ್ನು ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ, ಈಗ ಹೇಳುತ್ತಿದ್ದೇನೆ.

ದಾವಣಗೆರೆಯ ಡಾಕ್ಟರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರು. "ಕಾರಣ ಹುಡುಕದೆ ಸ್ಟೀರಾಯ್ಡ್ ಶುರು ಮಾಡೋದು ಬೇಡ" ಅಂದರು. ಅತ್ತೆ ಗಾಬರಿಯಾದರು. "ತಲಿನೋವಿಗೆ ಹುಚ್ಚಾಸ್ಪತ್ರಿಗೆ ಯಾಕ ಕರಕೊಂಡು ಹೊಂಟಿ?" ಅಂತ ಮಗನ ಮೇಲೆ ಸಿಟ್ಟಾದರು. ನಮ್ಮ ಕಡೆ ಇನ್ನೂ ಹಾಗೇ ತಿಳಿದಿದ್ದಾರೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಲ್ಲಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದ್ದು ನಿಜ. ಆದರೆ ನರರೋಗ, ನರಶಸ್ತ್ರಚಿಕಿತ್ಸೆ ಎರಡಕ್ಕೂ ಅದು ದೊಡ್ಡ ಜಾಗ. ಆ ಹೆದರಿಕೆಯಿಂದ ಯಾರೂ ಹಿಂದೆ ಸರಿಯಬೇಡಿ.

ರಾತ್ರಿ ರೈಲಿಗೆ ಹೊರಟು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹಿಡಿದು ಡೈರಿ ಸರ್ಕಲ್ ಹತ್ತಿರ ಇಳಿದೆವು. ಬೆಳಗಾಗುವಾಗಲೇ ಸಾಲು ಇತ್ತು. ಬೀದರಿನವರು, ಕೋಲಾರದವರು, ತಮಿಳುನಾಡಿನವರು, ಬಂಗಾಳದವರು. ಎಲ್ಲರ ಕೈಯಲ್ಲೂ ಫಿಲ್ಮ್ ಕವರು. ಆ ದಿನ ಪೂರ್ತಿ ಅಲ್ಲೇ ಕಳೆಯುತ್ತದೆ ಅಂತ ತಿಳಿದೇ ಹೋಗಿ. ರೊಟ್ಟಿ, ನೀರು, ಒಂದು ಹೊದಿಕೆ ಜೊತೆಗಿರಲಿ. ಎಲ್ಲ ಕಾಗದವನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿಡಿ. ಫಿಲ್ಮ್ ಜೊತೆ ಸ್ಕ್ಯಾನಿನ ಸಿಡಿಯನ್ನೂ ಕೇಳಿ ಪಡೆಯಿರಿ. ನಾವು ಸಿಡಿ ತಂದಿರಲಿಲ್ಲ. ಅದಕ್ಕಾಗಿ ಯಜಮಾನರು ಮತ್ತೆ ದಾವಣಗೆರೆಗೆ ಹೋಗಿ ಬರಬೇಕಾಯಿತು.

ಕಾಗದದ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆವು. ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಎರಡೂ ಹೊಂದಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ. ಆದರೆ ಹೆಸರು ಹೊಂದದಿದ್ದರೆ ಕೌಂಟರಿನಲ್ಲೇ ನಿಲ್ಲಬೇಕಾಗುತ್ತದೆ. ಮೈಯಲ್ಲಿ ಹುಷಾರಿರುವಾಗಲೇ ಇದನ್ನು ಸರಿಮಾಡಿಸಿಡಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಊರಿನಿಂದಲೇ ತನ್ನಿ.

ಹೊರರೋಗಿಯಾಗಿ ತೋರಿಸಿ, ಹಾಸಿಗೆಗೆ ಕಾದು, ಹನ್ನೊಂದನೇ ದಿನ ದಾಖಲಾದೆ. ರಕ್ತ ತೆಗೆದದ್ದಕ್ಕೆ ಲೆಕ್ಕವಿಲ್ಲ: ಉರಿಯೂತಕ್ಕೆ ಇಎಸ್‌ಆರ್, ಸಿಆರ್‌ಪಿ; ಮೈ ತನ್ನ ಮೇಲೇ ಬೀಳುವ ರೋಗಗಳಿಗೆ ಎಎನ್‌ಎ, ಆಂಕಾ; ಸಿಫಿಲಿಸ್‌ಗೆ ವಿಡಿಆರ್‌ಎಲ್; ಎಚ್‌ಐವಿ; ಐಜಿಜಿ4 ಅನ್ನುವ ಒಂದು ಬಗೆಯ ಪ್ರತಿಕಾಯ. ಟಿಬಿಗೆ ಮಾಂಟೂ ಅನ್ನುವ ಚರ್ಮದ ಪರೀಕ್ಷೆ, ಎದೆಯ ಸಿಟಿ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಅಂದಾಗ ಮನಸ್ಸಿಗೆ ನೋವಾಯಿತು. ಒಬ್ಬ ಯುವ ವೈದ್ಯೆ ಪಕ್ಕ ಕೂತು, "ಅಕ್ಕಾ, ಈ ಕಾಯಿಲೆ ಬಂದ ಎಲ್ಲರಿಗೂ ಇದೇ ಪಟ್ಟಿ, ನಿಮ್ಮ ಮೇಲೆ ಅನುಮಾನ ಪಟ್ಟಲ್ಲ" ಅಂದರು. ಆ ಒಂದು ಮಾತಿಗೆ ನಾನು ಅವರನ್ನು ಮರೆಯೋದಿಲ್ಲ.

ಬೆನ್ನಿನ ನೀರು ತೆಗೆಯಬೇಕು ಅಂದಾಗ ವಾರ್ಡಿನ ಅರ್ಧ ಜನ "ಬೇಡ, ಕಾಲು ಹೋಗ್ತಾವೆ" ಅಂದರು. ಹೆದರಿ ಒಂದು ದಿನ ಸಹಿ ಹಾಕಲಿಲ್ಲ. ಸೂಜಿ ಹೋಗುವುದು ಸೊಂಟದ ಕೆಳಗಿನ ಭಾಗಕ್ಕೆ, ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ ಅಂತ ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದೆ. ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, ಹೊಟ್ಟೆಯೊಳಗಿನ ಕೂಸಿನ ಹಾಗೆ ಮುದುಡಿ ಮಲಗಬೇಕು. ಮರಗಟ್ಟಿಸುವ ಇಂಜೆಕ್ಷನ್ ಚುರುಕ್ ಅಂತು, ಆಮೇಲೆ ಒತ್ತಿದ ಹಾಗೆ ಅಷ್ಟೇ. ಮರುದಿನ ಎದ್ದು ಕೂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಇಲ್ಲ. ಅದು ನೀರು ತೆಗೆದದ್ದಕ್ಕೆ ಬರುವ ನೋವು. ಮಲಗಿ, ನೀರು ಕುಡಿದು, ಕಾಫಿ ಕುಡಿದು ಮೂರು ದಿನದಲ್ಲಿ ಹೋಯಿತು. ನೀರಿನಲ್ಲಿ ಪ್ರೋಟೀನ್ ಜಾಸ್ತಿ ಇತ್ತು. ಟಿಬಿ ಸಿಗಲಿಲ್ಲ.

ರಕ್ತದಲ್ಲಿ ಐಜಿಜಿ4 ನಾರ್ಮಲ್ ಬಂತು. ಆದರೂ ಅನುಮಾನ ಉಳಿಯಿತು. ಕೊನೆಗೆ ಪೊರೆಯ ತುಣುಕು ತೆಗೆದು ನೋಡಲೇಬೇಕು ಅಂದರು. ತಲೆಬುರುಡೆ ತೆರೆಯಬೇಕು! ಯಜಮಾನರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಒಬ್ಬರೇ ನಿಂತಿದ್ದರು. ನಾನೇ ಕೇಳಿದೆ, "ತೆಗೆಯದಿದ್ದರೆ ಏನಾಗುತ್ತದೆ?" ಡಾಕ್ಟರು ನೇರವಾಗಿ ಹೇಳಿದರು. ಟಿಬಿ ಇದ್ದು ಬರೀ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಏರುತ್ತದೆ. ಗಡ್ಡೆ ಇದ್ದು ಸ್ಟೀರಾಯ್ಡ್ ಕೊಟ್ಟರೆ ಸ್ವಲ್ಪ ದಿನ ಮರೆಯಾಗಿ ಮೋಸ ಮಾಡುತ್ತದೆ. ಸ್ಟೀರಾಯ್ಡ್ ಶುರು ಮಾಡಿದ ಮೇಲೆ ತುಣುಕು ತೆಗೆದರೆ ಕಾರಣ ಸ್ಪಷ್ಟವಾಗಿ ಸಿಗದೇ ಹೋಗಬಹುದು. ಏಪ್ರಿಲ್‌ನ ಆ ಪೊಟ್ಟಣ ನೆನಪಾಗಿ ಎದೆ ಧಸಕ್ ಅಂತು. ಆಗಲೇ ಎರಡು ತಿಂಗಳು ದಾಟಿತ್ತು, ಅದರಿಂದ ತೊಂದರೆಯಾಗಲಿಕ್ಕಿಲ್ಲ ಅಂದರು.

ಬಲಗಿವಿಯ ಮೇಲೆ ಅಂಗೈಯಷ್ಟು ಜಾಗ ಬೋಳಿಸಿದರು. ನನ್ನ ಜಡೆ ಸೊಂಟ ಮುಟ್ಟುತ್ತಿತ್ತು. ಬಿದ್ದ ಕೂದಲನ್ನು ಮಗಳು ಸುತ್ತಿ ಕವರಿನಲ್ಲಿಟ್ಟುಕೊಂಡಳು. ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಲಿಗೆ ಎಳೆಯುತ್ತಿತ್ತು. ಎಷ್ಟು ಹೊಲಿಗೆ ಅಂತ ಬೆರಳಲ್ಲಿ ಎಣಿಸಲು ಹೋಗಿ ಸಿಸ್ಟರ್ ಕೈಲಿ ಬೈಸಿಕೊಂಡೆ. ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ. ಪೊರೆಯಲ್ಲಿ ನಾರು ಬೆಳೆದಿದೆ, ಐಜಿಜಿ4 ಇರುವ ಪ್ಲಾಸ್ಮಾ ಜೀವಕೋಶಗಳು ತುಂಬಿವೆ. ಮೈಯ ರಕ್ಷಣಾ ಪಡೆಯೇ ತಪ್ಪು ತಿಳಿದು ತನ್ನ ಮೈ ಮೇಲೆ ಬೀಳುವ ರೋಗ. 2001ರಲ್ಲಿ ಜಪಾನಿನ ವೈದ್ಯರು ಮೇದೋಜೀರಕ ಗ್ರಂಥಿಯ ಒಂದು ಕಾಯಿಲೆಯಲ್ಲಿ ಈ ಐಜಿಜಿ4 ಏರುವುದನ್ನು ಗುರುತಿಸಿದ್ದರಂತೆ. ಅದೇ ರೋಗ ಲಾಲಾಗ್ರಂಥಿ, ಕಿಡ್ನಿ, ಹೀಗೆ ಎಲ್ಲೆಲ್ಲೋ ಬರಬಹುದು ಅಂತ ಆಮೇಲೆ ತಿಳಿಯಿತು. ಅದಕ್ಕೇ ನನ್ನ ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿದರು. ಬೇರೆ ಕಡೆ ಇರಲಿಲ್ಲ.

ಐದು ದಿನ, ದಿನಕ್ಕೆ ಒಂದು ಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಬಾಟಲಿಯಲ್ಲಿ ಹಾಕಿದರು. ಬಾಯಲ್ಲಿ ಹಳೇ ನಾಣ್ಯ ನೆಕ್ಕಿದ ರುಚಿ. ನಿದ್ದೆಯೇ ಇಲ್ಲ. ಮೂರನೇ ದಿನ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಯಿತು, ಅಭ್ಯಾಸಬಲ. ತಲೆ ನೋಯುತ್ತಿರಲಿಲ್ಲ. ಏಪ್ರಿಲ್‌ನ ಆ ಪೊಟ್ಟಣದ ದಿನಗಳನ್ನು ಬಿಟ್ಟರೆ ಏಳು ತಿಂಗಳಲ್ಲಿ ಮೊದಲ ಸಲ. ಯಾರನ್ನೂ ಎಬ್ಬಿಸದೆ ಸುಮ್ನೆ ಕತ್ತಲಲ್ಲಿ ಕೂತಿದ್ದೆ.

ಮನೆಗೆ ಬಂದಾಗ ದಿನಕ್ಕೆ 50 ಮಿಲಿಗ್ರಾಂ ಪ್ರೆಡ್ನಿಸೋಲೋನ್, ಅದು ಸ್ಟೀರಾಯ್ಡ್ ಗುಳಿಗೆ. ಅದನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಬೇಕು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಹೊಟ್ಟೆಗೆ ಒಂದು ಗುಳಿಗೆ. ಬಿಸ್ಕತ್ತು, ಸಿಹಿ, ಉಪ್ಪಿನಕಾಯಿ ಬಂದ್. ಆದರೂ ಸಕ್ಕರೆ ಏರಿತು, ಮುಖ ಊದಿತು, ಕೆನ್ನೆಯಲ್ಲಿ ಕೂದಲು ಬಂತು. ನನ್ನ ಸ್ವಂತ ತಂಗಿ ಜಾತ್ರೆಯಲ್ಲಿ ನನ್ನ ಗುರುತು ಹಿಡಿಯಲಿಲ್ಲ. ಆ ರಾತ್ರಿ ಬಹಳ ಅತ್ತೆ. ಮರುದಿನದಿಂದ ಗುಳಿಗೆ ಬಿಟ್ಟುಬಿಟ್ಟೆ, ಯಾರಿಗೂ ಹೇಳದೆ.

ನಾಲ್ಕನೇ ದಿನ ವಾಂತಿ, ಕೈಕಾಲಲ್ಲಿ ಶಕ್ತಿ ಇಲ್ಲ, ಎದ್ದರೆ ಕಣ್ಣುಕತ್ತಲೆ. ವಾರದೊಳಗೆ ತಲೆನೋವು ಬಂತು, ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು ಶುರುವಾಯಿತು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡ ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ನನ್ನ ತಪ್ಪಿಗೆ ಮತ್ತೆ ಐದು ದಿನ ಬಾಟಲಿ, ಮತ್ತೆ ಮೇಲಿನಿಂದ ಲೆಕ್ಕ. ಎಡಗಿವಿ ಪೂರ್ತಿ ವಾಪಸ್ ಬರಲೇ ಇಲ್ಲ. ಫೋನನ್ನು ಈಗ ಬಲಗಿವಿಗೇ ಹಿಡಿಯುತ್ತೇನೆ. ಮುಖ ಊದಿದರೆ ಊದಲಿ, ಅದು ಇಳಿಯುತ್ತದೆ, ನನ್ನದು ಇಳಿದಿದೆ. ಗುಳಿಗೆ ಮಾತ್ರ ಬಿಡಬೇಡಿ. ಮನೆಯಲ್ಲಿ ಹದಿನೈದು ದಿನದ ಗುಳಿಗೆ ಸದಾ ಇರಲಿ.

ಈ ಸಲ ಅಜಥಯೋಪ್ರಿನ್ ಸೇರಿಸಿದರು, ಸ್ಟೀರಾಯ್ಡ್ ಕಡಿಮೆ ಮಾಡಲು ಅನುಕೂಲವಾಗಲಿ ಅಂತ. ಅದು ಬಿಳಿ ರಕ್ತಕಣ ಇಳಿಸಬಹುದು, ಲಿವರ್‌ಗೆ ತೊಂದರೆ ಕೊಡಬಹುದು. ಶುರುವಿನಲ್ಲಿ ವಾರವಾರ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಜ್ವರ ಬಂದರೆ ಕಾಯದೆ ಡಾಕ್ಟರಿಗೆ ಹೇಳಬೇಕು. ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಅಲೋಪ್ಯುರಿನಾಲ್ ಗುಳಿಗೆ ಇದರ ಜೊತೆ ಅಪಾಯ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ಗುಳಿಗೆಯ ಹೆಸರು ಹೇಳುತ್ತೇನೆ. ಇದಕ್ಕೂ ಬಗ್ಗದವರಿಗೆ ರಿಟುಕ್ಸಿಮಾಬ್ ಅನ್ನುವ ಇಂಜೆಕ್ಷನ್ ಕೊಡುತ್ತಾರಂತೆ. ನನಗೆ ಬೇಕಾಗಲಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಂಗಳೂರಿಗೆ ಹೋಗುವ ಮೊದಲೇ ಡಾಕ್ಟರ ಫೀಸು, ಸ್ಕ್ಯಾನು, ಕನ್ನಡಕ ಸೇರಿ 25 ಸಾವಿರದ ಹತ್ತಿರ ಹೋಗಿತ್ತು. ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿನಿಂದ ಬಹಳಷ್ಟು ಉಳಿಯಿತು. ನಿಜವಾದ ಹೊರೆ ಬೇರೆ ಕಡೆ ಇತ್ತು: ಬಾಡಿಗೆ ಕೋಣೆ, ಹೋಟೆಲ್ ಊಟ, ಯಜಮಾನರು ಕಳೆದುಕೊಂಡ ನಲವತ್ತು ದಿನದ ಕೂಲಿ, ನಾನು ಹೊಲಿಯದ ರವಿಕೆಗಳು. ಸಂಘದಲ್ಲಿ ತೆಗೆದ ಸಾಲ ಇನ್ನೂ ತೀರಿಲ್ಲ. ಪ್ರೆಡ್ನಿಸೋಲೋನ್ ಬಹಳ ಅಗ್ಗ. ಉಳಿದ ಗುಳಿಗೆಗಳಿಗೆ ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಈಗ 5 ಮಿಲಿಗ್ರಾಂಗೆ ಬಂದಿದ್ದೇನೆ. ಎಡಗಣ್ಣು ನೇರವಾಗಿದೆ. ಸುಸ್ತಾದ ದಿನ ಸಂಜೆ ಮಾತ್ರ ದೂರದ ದೀಪ ಎರಡಾಗುತ್ತದೆ. ದಿನಕ್ಕೆ ಒಂದು ರವಿಕೆ ಹೊಲಿಯುತ್ತೇನೆ, ಕೊಕ್ಕೆ ಹಚ್ಚುವುದನ್ನು ಮಗಳು ಕಲಿತಿದ್ದಾಳೆ. ಬಟ್ಟೆ ವಾಪಸ್ ಒಯ್ದಿದ್ದ ಇಬ್ಬರಲ್ಲಿ ಒಬ್ಬರು ದಸರೆಗೆ ಮತ್ತೆ ತಂದುಕೊಟ್ಟರು. ಮುಂದಿನ ಎಂಆರ್‌ಐ ಆರು ತಿಂಗಳ ಮೇಲೆ. ದಾವಣಗೆರೆಯ ಆ ಅಕ್ಕಸಾಲಿಗರ ಹತ್ತಿರ ಹೋಗಿ ಹಳೆ ಮೂಗುತಿಗೆ ಹೊಸ ತಿರುಪು ಹಾಕಿಸಿಕೊಂಡು ಬಂದೆ. ಈಗ ನನ್ನ ಕೈಯಿಂದಲೇ ಬಿಚ್ಚಲು ಬರುತ್ತದೆ.